ಕಬ್ಬಿನ ಸುಗ್ಗಿ ಮುಗಿದ ಮೇಲೆ ನಾಯಿ ಯಾರದು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿಕ್ಕಬಸಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು, ಕರಿ ನಾಯಿಯೊಂದರ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ಸೂಜಿಯಿಂದ ಅದರ ಅಂಗಾಲು ಕೆದಕುತ್ತಿದ್ದಾರೆ. ಕಬ್ಬಿನ ಕೂಳೆಯ ಸಿಬಿರೊಂದು ಒಳಗೆ ಹೊಕ್ಕು ಕೀವು ಕಟ್ಟಿದೆ. ನಾಯಿ ಹಲ್ಲು ಕಿಸಿಯುತ್ತದೆ, ಆದರೆ ಕಚ್ಚುವುದಿಲ್ಲ. ನಾನು ಜಗಲಿಯ ಮೇಲೆ ಎರಡೂ ಕಾಲು ಮೇಲೆತ್ತಿಕೊಂಡು ಕೂತಿದ್ದೇನೆ. ನಾಯಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವನನ್ನೇ ಹುಡುಕಿ ಈ ಲೇಖನಕ್ಕೆ ಕಳಿಸಿದ್ದಾರೆ ನಮ್ಮ ಪುರವಣಿಯವರು.

“ಕಾಲ್ ಇಳಿಬುಡಿ ಸಾ. ಅವೇನೂ ಮಾಡಾಕಿಲ್ಲ. ನೀವ್ ಎದ್ರುಕೊಂಡ್ರೆ ಅವ್ಕೂ ಎದ್ರುಕೆ ಆಯ್ತದೆ” ಎನ್ನುತ್ತಾರೆ ಚಿಕ್ಕಬಸಮ್ಮ, ತಲೆ ಎತ್ತದೆ. ಸಿಬಿರು ಹೊರಗೆ ಬರುತ್ತದೆ. ಗಾಯಕ್ಕೆ ಅರಿಶಿನ ಕಲಸಿದ ಬೇವಿನೆಣ್ಣೆ ಹಚ್ಚಿ, ಹಳೇ ಸೀರೆಯ ಚೂರು ಸುತ್ತಿ, ನಾಯಿಯ ಬೆನ್ನಿಗೆ ಒಂದು ತಟ್ಟುತ್ತಾರೆ. ಅದು ಎದ್ದು ಹೋಗುತ್ತದೆ, ಇನ್ನೊಂದು ಬಂದು ಅದರ ಜಾಗದಲ್ಲಿ ಕೂರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲೂ ನಾನು ಇಷ್ಟು ಶಿಸ್ತಿನ ಸಾಲು ಕಂಡಿಲ್ಲ.

ನಂಜನಗೂಡು ತಾಲ್ಲೂಕಿನ ಕವಲಂದೆಯಿಂದ ಒಳಕ್ಕೆ, ಬಾಡಿಗೆ ಸೈಕಲ್ಲಿನಲ್ಲಿ ಬಂದರೆ ಸಿಗುವ ಸಣ್ಣ ಹಳ್ಳಿ ಇದು. ಫೆಬ್ರವರಿಯ ಕೊನೆ. ಊರಿನ ಕೊನೆಯ ಕಬ್ಬಿನ ಗದ್ದೆ, ಪುಟ್ಟಬಸವಯ್ಯನವರದು, ನಿನ್ನೆ ಸಂಜೆಗೆ ಕಡಿದು ಮುಗಿದಿದೆ. ಇವತ್ತು ಅದರ ತರಗಿಗೆ, ಎಂದರೆ ನೆಲದಲ್ಲಿ ಉಳಿದ ಒಣ ಗರಿಗೆ, ಬೆಂಕಿ ಹಾಕುತ್ತಾರೆ. ಆಮೇಲೆ ಚಿಕ್ಕಬಸಮ್ಮ ನಾಯಿಗಳ ಕೊರಳ ಗೆಜ್ಜೆಗಳನ್ನೆಲ್ಲ ಹುಣಸೆನೀರಿನಲ್ಲಿ ತೊಳೆದು, ಒಣಗಿಸಿ, ಮುಂದಿನ ಸುಗ್ಗಿಯವರೆಗೆ ಎತ್ತಿಡುತ್ತಾರೆ. ಅದನ್ನು ನೋಡಲೆಂದೇ ನಾನು ಬಂದದ್ದು.

ಆದರೆ ಅವರ ಗಮನ ಇವತ್ತು ಗೆಜ್ಜೆಯ ಮೇಲಿಲ್ಲ, ನನ್ನ ಮೇಲಂತೂ ಇಲ್ಲವೇ ಇಲ್ಲ. ನಾಯಿಗಳ ಕಿವಿ ಮಡಚಿ ಉಣ್ಣಿ ಕೀಳುತ್ತಲೇ ಮತ್ತೆ ಮತ್ತೆ ಕೊಟ್ಟಿಗೆಯ ಮೂಲೆಯತ್ತ ನೋಡುತ್ತಾರೆ. ಅಲ್ಲಿ ಗೋಣಿಚೀಲದ ಮೇಲೆ ಭತ್ತದ ಹುಲ್ಲು ಹಾಸಿದ ಹಾಸಿಗೆಯೊಂದಿದೆ. ಅದು ಖಾಲಿಯಾಗಿದೆ.

“ಕೆಂಚಿ ಬಂದಿಲ್ಲ ಸಾ” ಎನ್ನುತ್ತಾರೆ ಕೊನೆಗೆ. “ರಾತ್ರಿ ಮುದ್ದೆ ಮುಟ್ನಿಲ್ಲ. ದಿನ ತುಂಬದೆ. ಇವತ್ತೋ ನಾಳೆಯೋ ಮರಿ ಆಕ್ಬೇಕು. ಇಲ್ಲೇ ಆಕ್ಲಿ ಅಂತ ಹಾಸ್ಕೊಟ್ಟಿವ್ನಿ. ಎಲ್ಲಿಗೋದ್ಲೋ ಏನೋ.”

ಕೆಂಚಿ ಯಾರೆಂದು ಹೇಳುವ ಮೊದಲು ಈ ನಾಯಿಗಳು ಏನು ಮಾಡುತ್ತವೆಂದು ಹೇಳಬೇಕು. ಕಬ್ಬು ಆಳೆತ್ತರ ಬೆಳೆದ ಮೇಲೆ ಕಾಡುಹಂದಿಗಳು ಗದ್ದೆಯ ಒಳಗೇ ಸಂಸಾರ ಹೂಡುತ್ತವೆ. ಕತ್ತಲಲ್ಲಿ ಕಬ್ಬನ್ನು ಸಿಗಿದು ರಸ ಹೀರಿ, ಸಿಪ್ಪೆ ಉಗಿದು, ಹಗಲು ಅಲ್ಲೇ ಮಲಗುತ್ತವೆ. ಮನುಷ್ಯ ಒಳಗೆ ಹೋದರೆ ಹಂದಿಯ ಕೋರೆಗೆ ತೊಡೆ ಕೊಟ್ಟ ಹಾಗೆಯೇ. ಅದಕ್ಕೆ ನಾಯಿಗಳನ್ನು ಬಿಡುತ್ತಾರೆ. ನಾಯಿ ಒಳಗೆ ನುಗ್ಗಿ ಹಂದಿಯನ್ನು ಎಬ್ಬಿಸುತ್ತದೆ. ಹೊರಗೆ ಬದುವಿನ ಮೇಲೆ ಪುಟ್ಟಬಸವಯ್ಯನವರು ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಕೋವಿ ಹಿಡಿದು ನಿಂತಿರುತ್ತಾರೆ. ಹಂದಿ ಹೊರಬಿದ್ದ ತಕ್ಷಣ ಆಕಾಶಕ್ಕೆ ಒಂದು ಗುಂಡು, ಹಂದಿ ಹಳ್ಳದ ಕಡೆಗೆ ಪರಾರಿ. ಗುಂಡು ಹೋಗುವುದು ಆಕಾಶಕ್ಕೇ ಎಂದು ಊರಿನ ಎಲ್ಲರೂ, ನಾನು ಕೇಳದಿದ್ದರೂ, ನನಗೆ ಹೇಳಿದ್ದಾರೆ. ಹಾಗೆಯೇ ಬರೆದುಕೊಂಡಿದ್ದೇನೆ.

ಗೆಜ್ಜೆ ಇರುವುದು ಇದಕ್ಕೆ. ಕಬ್ಬಿನೊಳಗೆ ಏನು ಅಲ್ಲಾಡಿದರೂ ಹೊರಗಿನವರಿಗೆ ಗರಿ ಅಲ್ಲಾಡುವುದಷ್ಟೇ ಕಾಣುವುದು. ಗೆಜ್ಜೆ ಸದ್ದಾದರೆ ನಾಯಿ, ಸದ್ದಿಲ್ಲದಿದ್ದರೆ ಹಂದಿ. ಕೋವಿ ಹಿಡಿದವರಿಗೂ, ಮಚ್ಚು ಹಿಡಿದ ಕಡಿಯುವವರಿಗೂ ಅದೇ ಗುರುತು. ತರಗಿಗೆ ಬೆಂಕಿ ಹಾಕುವ ಮೊದಲು ಕಡಿಯುವ ಗ್ಯಾಂಗಿನ ಮೇಸ್ತ್ರಿ ಒಂದು ಕೂಗು ಹಾಕುತ್ತಾನೆ. ಎಲ್ಲರೂ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಗೆಜ್ಜೆ ಕೇಳಿಸದಿದ್ದರೆ ಗದ್ದೆಯಲ್ಲಿ ನಾಯಿಯಿಲ್ಲ ಎಂದು ಲೆಕ್ಕ.

ಒಂಬತ್ತು ನಾಯಿಗಳಿಗೆ ಒಂಬತ್ತು ಗೆಜ್ಜೆಪಟ್ಟಿಗಳು, ಚಿಕ್ಕಬಸಮ್ಮನ ಒಳಮನೆಯ ಗೋಡೆಯ ಗೂಟಗಳಲ್ಲಿ ನೇತಾಡುತ್ತವೆ. ಕೆಲಸಕ್ಕೆ ಹೊರಟಾಗ ಮಾತ್ರ ಕಟ್ಟುವುದು, ಬಂದ ಕೂಡಲೇ ಬಿಚ್ಚುವುದು. ಗಬ್ಬದ ನಾಯಿಗೆ ಗೆಜ್ಜೆ ಕಟ್ಟಬಾರದು. ಅದು ಇಲ್ಲಿನ ಕಟ್ಟಳೆ, ಯಾರು ಮಾಡಿದ್ದೋ ಗೊತ್ತಿಲ್ಲ. ಕೆಂಚಿಯ ಹೊಟ್ಟೆ ಕಾಣತೊಡಗಿದ ದಿನ ಚಿಕ್ಕಬಸಮ್ಮನೇ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದ್ದಾರೆ. ಆವತ್ತಿನಿಂದ ಅವಳು ರಜೆಯ ಮೇಲಿದ್ದಾಳೆ.

“ಕೆಂಚಿ ಮುಂದೆ ಓದ್ರೇನೇ ಮಿಕ್ಕವು ಒಳೀಕೆ ಓಗಾದು. ಅವಳು ನಿಂತ್ರೆ ಇವೂ ನಿಂತ್ಕತವೆ. ಆರು ಸುಗ್ಗಿ ಮಾಡವ್ಳೆ ಸಾ ಅವಳು. ಬೆನ್ ಮೇಲೆ ಕೋರೆ ಗೀರಿದ ಗಾಯ ಅದೆ. ನಾನೇ ಸೂಜಿ ದಾರದಲ್ಲಿ ಒಲ್ದಿದ್ದು” ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆಗಿಂತ ಕಳವಳವೇ ಹೆಚ್ಚು. ಕೈ ಮಾತ್ರ ನಿಲ್ಲುವುದಿಲ್ಲ. ಸೀತಾಫಲದ ಎಲೆ ಅರೆದು ಒಂದು ನಾಯಿಯ ಕಿವಿಯ ಹುಣ್ಣಿಗೆ ತುಂಬುತ್ತಾರೆ, ಹುಳ ಬೀಳದಿರಲಿ ಎಂದು.

ಚಿಕ್ಕಬಸಮ್ಮನಿಗೆ ಐವತ್ತರ ಆಸುಪಾಸು. ಮೊದಲು ಕಬ್ಬಿನ ಗರಿ ಸವರುವ ಕೂಲಿಗೆ ಹೋಗುತ್ತಿದ್ದರು. ಮಗಳು ಪಲ್ಲವಿ ಹುಟ್ಟಿದ್ದು ಕಡಿಯುವ ಕಾಲದಲ್ಲೇ. ಹಸಿ ಬಾಣಂತಿ ಕೂಸನ್ನು ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ ಗದ್ದೆಗಿಳಿಯುತ್ತಿದ್ದರು. “ಮೇಸ್ತ್ರಿ ಸೀಟಿ ಊದುದ್ರೆ ಸಾಕು, ಕಾಲು ಅದರ ಪಾಡಿಗದು ಓಯ್ತಿತ್ತು. ಹಿಂದ್ಗಡೆ ಕೂಸು ಅಳ್ತಾ ಇರೋದು. ತಿರುಗಿ ನೋಡ್ತಿರ್ನಿಲ್ಲ” ಎನ್ನುತ್ತ ಮುಂದಿನ ನಾಯಿಯ ಕಿವಿ ಮಡಚುತ್ತಾರೆ. ಆ ಪಲ್ಲವಿ ಈಗ ತಿ. ನರಸೀಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ನಾಯಿವಾಸನೆಯ ಮನೆ ಬಿಟ್ಟು ಬಾ ಎಂದು ಅಮ್ಮನನ್ನು ಕರೆಯುತ್ತಲೇ ಇದ್ದಾಳಂತೆ.

ನಾಯಿಗಳು ಅವರ ಅಂಗಳಕ್ಕೆ ಬಂದು ಏಳೆಂಟು ವರ್ಷವಾಯಿತು. ಸುಗ್ಗಿ ಮುಗಿಯುವ ತನಕ ಒಬ್ಬೊಬ್ಬ ರೈತನ ಮನೆಯಲ್ಲಿ ಒಂದೊಂದು ನಾಯಿ ಇರುತ್ತದೆ. ಅನ್ನ ಹಾಕುತ್ತಾರೆ, ಹಾಲೂ ಹಾಕುತ್ತಾರೆ. ಕಬ್ಬು ಲಾರಿ ಹತ್ತಿತು ಎಂದರೆ ಮುಗಿಯಿತು, ಕುಂಟುವ ನಾಯಿಯನ್ನು ಯಾರೂ ಹಿತ್ತಿಲಿಗೂ ಸೇರಿಸುವುದಿಲ್ಲ. “ಸುಗ್ಗೀಲಿ ನಮ್ ನಾಯಿ, ನಮ್ ನಾಯಿ ಅಂತಾರೆ. ಸುಗ್ಗಿ ಮುಗೀತು ಅನ್ನಿ, ಎಲ್ಲಾವೂ ಚಿಕ್ಕಬಸಮ್ಮನ್ ನಾಯಿ ಆಯ್ತವೆ.” ರೈತರು ಮನೆಗಿಷ್ಟು ಎಂದು ರಾಗಿ ಅಳೆದು ಕೊಡುತ್ತಾರೆ. ಅದರಲ್ಲೇ ಒಂಬತ್ತು ನಾಯಿಗಳಿಗೆ, ಅವರಿಗೆ, ಗಂಡ ಹುಚ್ಚಯ್ಯನಿಗೆ ಅಂಬಲಿ ಕಾಯುತ್ತದೆ.

ನಾಯಿಗಳ ಗಾಯ ವಾಸಿ ಮಾಡುವುದು ಸುಲಭವಂತೆ. ಅವರಿಗೆ ಭಯವಿರುವುದು ಮದುವೆಗಳದ್ದು. ಸುಗ್ಗಿ ಮುಗಿಯುವುದಕ್ಕೂ ಲಗ್ನಗಳು ಶುರುವಾಗುವುದಕ್ಕೂ ಸರಿಹೋಗುತ್ತದೆ. ಕವಲಂದೆ ಕಡೆ ಮೆರವಣಿಗೆಯಲ್ಲಿ ಪಟಾಕಿ ಸಿಡಿದರೆ ಈ ನಾಯಿಗಳು ಕೋವಿಯೆಂದು ತಿಳಿದು ಆ ಕಡೆಗೇ ಓಡುತ್ತವೆ. ಉಳಿದ ನಾಯಿಗಳು ಸದ್ದಿಗೆ ಮಂಚದ ಕೆಳಗೆ ಸೇರಿದರೆ ಇವು ಸದ್ದಿನತ್ತಲೇ ಹೋಗುತ್ತವೆ. ಹೋದ ವರ್ಷ ಒಂದು ಹೀಗೇ ಓಡಿ ಚಾಮರಾಜನಗರದ ರಸ್ತೆಯಲ್ಲಿ ಬಸ್ಸಿಗೆ ಸಿಕ್ಕಿತು. ಈಗ ಯಾರ ಮನೆಯಲ್ಲಿ ಮದುವೆ ಎಂದು ಮೊದಲೇ ವಿಚಾರಿಸಿಕೊಂಡು, ಆ ಹೊತ್ತಿಗೆ ನಾಯಿಗಳನ್ನೆಲ್ಲ ಒಳಗೆ ಕೂಡಿ, ಬಾಗಿಲಿಗೆ ತಾವೇ ಒರಗಿ ಕೂರುತ್ತಾರೆ. ಹಾಗೆ ಕೂಡಿದಾಗಲೇ ಒಮ್ಮೆ ಗಾಬರಿಯಲ್ಲಿದ್ದ ನಾಯಿಯ ಹಲ್ಲು ಅವರ ಮುಂಗೈಗೆ ಇಳಿದು, ನಂಜನಗೂಡು ಆಸ್ಪತ್ರೆಯಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡರು. ಅದನ್ನು ಕೇಳಿದ ಮೇಲೆ ನಾನು ಇಳಿಬಿಟ್ಟಿದ್ದ ಕಾಲನ್ನು ಮತ್ತೆ ಎತ್ತಿಕೊಂಡೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಇಷ್ಟು ಹೊತ್ತಿಗೆ ಹುಚ್ಚಯ್ಯ ಕೆರೆ ಕಡೆಯಿಂದ ಬರುತ್ತಾರೆ. ಹೆಂಡತಿ ಕೇಳುವ ಮೊದಲೇ ತಲೆಯಾಡಿಸುತ್ತಾರೆ. “ಕೆರೆ ಏರಿ ಮೇಲೂ ಇಲ್ಲ, ಬಣವೆ ಸಂದೀಲೂ ಇಲ್ಲ ಕಣಮ್ಮೀ.” ಆಮೇಲೆ ಏನೋ ನೆನಪಾದವರಂತೆ ನಿಲ್ಲುತ್ತಾರೆ. “ಮೊನ್ನೆ ಪುಟ್ಟಬಸವಯ್ಯ ಯಜಮಾನ್ರ ಗದ್ದೇಲಿ, ಕಾಲುವೆ ಪಕ್ಕ, ಆ ಬಿದ್ದ ಕಬ್ಬಿನತ್ರ ನೆಲ ಕೆರೀತಾ ಇದ್ಲು. ಇಲಿ ಇರ್ಬೇಕು ಅಂದ್ಕಂಡು ಸುಮ್ನೆ ಬಂದೆ.”

ಚಿಕ್ಕಬಸಮ್ಮನ ಕೈಯಲ್ಲಿದ್ದ ಎಲೆಯ ಉಂಡೆ ನೆಲಕ್ಕೆ ಬೀಳುತ್ತದೆ. “ಅಯ್ಯೋ, ಅಲ್ಲೇ ಮರಿ ಆಕವ್ಳೆ. ಇವತ್ತು ಬೆಂಕಿ ಆಕ್ತಾರಲ್ಲೋ!” ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಓಡತೊಡಗುತ್ತಾರೆ. ಹುಚ್ಚಯ್ಯ ಹಿಂದೆ, ಅವರ ಹಿಂದೆ ನಾನು.

ಗದ್ದೆ ಊರಿಗೆ ಅಂಟಿಕೊಂಡೇ ಇದೆ. ಎರಡೆಕರೆಯ ತುಂಬ ಮೊಣಕಾಲುದ್ದ ಒಣ ತರಗು. ಕಾಲುವೆಯ ಪಕ್ಕದಲ್ಲಿ ಒಂದು ಪಟ್ಟೆಯಷ್ಟು ಕಬ್ಬನ್ನು ಕಡಿಯದೆ ಬಿಟ್ಟಿದ್ದಾರೆ. ಗಾಳಿಗೆ ಬಿದ್ದು, ಒಂದರ ಮೇಲೊಂದು ಹೆಣೆದುಕೊಂಡು, ಒಣಗಿ ಕೆಲಸಕ್ಕೆ ಬಾರದ ಕಬ್ಬು ಅದು. ತರಗಿನ ಜತೆಗೇ ಸುಡಲಿ ಎಂದು ಹಾಗೆಯೇ ಬಿಟ್ಟದ್ದು. ಒಳಗೆ ಕೈ ತೂರಿಸಲೂ ದಾರಿಯಿಲ್ಲ. ಚಿಕ್ಕಬಸಮ್ಮ ಅದರ ಮುಂದೆ ಮಂಡಿಯೂರಿ “ಕೆಂಚೀ, ಬಾ ನನ್ನವ್ವ, ಬಾ” ಎಂದು ಕರೆಯುತ್ತಾರೆ. ಏನೂ ಕೇಳಿಸುವುದಿಲ್ಲ. ಹುಚ್ಚಯ್ಯ ಕೋಲಿನಿಂದ ಗರಿ ಸರಿಸಿ ಇಣುಕುತ್ತಾರೆ, ಒಳಗೆ ಬರೀ ಕತ್ತಲು.

ಪುಟ್ಟಬಸವಯ್ಯನವರು ಬದುವಿನ ಮೇಲೆ ನಿಂತಿದ್ದಾರೆ. ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಅವರದೇ ಆತಂಕ. “ಏನ್ ಚಿಕ್ಕಬಸಮ್ಮ, ಅವಳು ಅಲ್ಲೇ ಅವ್ಳೆ ಅಂತ ಏನ್ ಗ್ಯಾರಂಟಿ? ಒತ್ತೇರ್ತಿದ್ದಂಗೆ ಗಾಳಿ ಎದ್ಬುಡ್ತದೆ. ಆಮೇಲೆ ಬೆಂಕಿ ಆಕುದ್ರೆ ಪಕ್ಕದೋರ ಬಣವೆಗೆ ಓಯ್ತದೆ. ಮೂರು ಫೇಸ್ ಕರೆಂಟೂ ಈಗ್ಲೇ ಬರೋದು. ಕೂಳೆಗೆ ನೀರು ಬುಡಬ್ಯಾಡ್ವಾ ನಾನು?”

“ಒಂದ್ ಗಳಿಗೆ ತಡೀರಿ ಯಜಮಾನ್ರೇ. ನಿಮ್ ಕಬ್ಬು ಕಾದವಳು ಅವಳು. ಒಂದೇ ಒಂದ್ ಗಳಿಗೆ.”

ಅವರು ತಡೆಯುತ್ತಿದ್ದರು ಎಂದೇ ನನ್ನ ನಂಬಿಕೆ. ಹೆಗಲ ಮೇಲಿನ ಟವೆಲ್ ತೆಗೆದು, ಗದ್ದೆಯ ಆ ಕೊನೆಯಲ್ಲಿದ್ದ ಮೇಸ್ತ್ರಿ ನಿಂಗರಾಜುವಿಗೆ ಬೇಡ ಎಂದು ಬೀಸಿದ್ದನ್ನೂ ನಾನು ಕಂಡೆ. ಅಷ್ಟರಲ್ಲೇ ನಿಂಗರಾಜು ವಾಡಿಕೆಯಂತೆ ಕೂಗು ಹಾಕಿ, ಕಿವಿಗೊಟ್ಟು ಕೇಳಿಯಾಗಿತ್ತು. ಗೆಜ್ಜೆಯ ಸದ್ದಿರಲಿಲ್ಲ. ಅವನು ಕಡ್ಡಿ ಗೀರಿದ. ಟವೆಲ್ ಬೀಸಿದ್ದನ್ನು ಬೆಂಕಿ ಹಾಕು ಎನ್ನುವ ಸನ್ನೆಯೆಂದೇ ತಿಳಿದನಂತೆ.

ಒಣ ತರಗಿಗೆ ಬೆಂಕಿ ಹತ್ತುವ ಸದ್ದು ನನಗೆ ಹೊಸದು. ದೂರದಲ್ಲಿ ಮಳೆ ಬಂದ ಹಾಗೆ ಕೇಳುತ್ತದೆ. ಹೊಗೆ ಎದ್ದದ್ದನ್ನು ಕಂಡು ಚಿಕ್ಕಬಸಮ್ಮ “ನಾನೇ ಬಿಚ್ದೆನಲ್ಲ ಗೆಜ್ಜೇಯ, ನಾನೇ ಬಿಚ್ದೆನಲ್ಲ” ಎಂದು ಎದೆ ಬಡಿದುಕೊಳ್ಳುತ್ತಾರೆ. ಆಮೇಲೆ ಥಟ್ಟನೆ ನನ್ನತ್ತ ತಿರುಗುತ್ತಾರೆ. ಹುಚ್ಚಯ್ಯ, ಪುಟ್ಟಬಸವಯ್ಯ, ಗ್ಯಾಂಗಿನವರು ಎಲ್ಲರೂ ಹಸಿ ಹೊಂಗೆ ಕೊಂಬೆ ಮುರಿದುಕೊಂಡು ಬೆಂಕಿಯ ಕಡೆಗೆ ಓಡಿದ್ದಾರೆ. ಕೈಯಲ್ಲಿ ಕೆಲಸವಿಲ್ಲದೆ ನಿಂತವನು ನಾನೊಬ್ಬನೇ.

“ಸಾ, ಓಡಿ. ಒಳಮನೆ ಗ್ವಾಡೇಲಿ, ಬಾಗ್ಲು ಪಕ್ಕದ ಮೊದಲ್ನೇ ಗೂಟದಲ್ಲಿ ಕೆಂಚಿ ಗೆಜ್ಜೆ ಅದೆ. ತತ್ತನ್ನಿ. ಬ್ಯಾಗ!”

ಎಂಟು ನಾಯಿಗಳಿರುವ ಅಂಗಳ ಅದು, ಒಡತಿಯೂ ಮನೆಯಲ್ಲಿಲ್ಲ. ಅವು ತಲೆಯೆತ್ತಿ ನೋಡಿದವು, ಗುರುಗುಟ್ಟಿದವು, ನಾನು ಗೋಡೆಗೆ ಬೆನ್ನು ಸವರಿಕೊಂಡು ಒಳಗೆ ನುಗ್ಗಿದೆ. ಮೊದಲನೇ ಗೂಟದಲ್ಲಿ ತೊಗಲ ಪಟ್ಟಿ, ಅದಕ್ಕೆ ಸುತ್ತ ಹೊಲಿದ ಹಿತ್ತಾಳೆ ಗೆಜ್ಜೆ. ತೆಗೆದುಕೊಂಡು ಹೊಸ್ತಿಲು ದಾಟಿದೆ, ಗೆಜ್ಜೆ ಝಲ್ಲೆಂದಿತು. ಎಂಟೂ ನಾಯಿಗಳು ಒಟ್ಟಿಗೆ ಎದ್ದು ನಿಂತವು. ಕಾಲಿಗೆ ಬಟ್ಟೆ ಸುತ್ತಿಸಿಕೊಂಡ ಆ ಕರಿ ನಾಯಿಯೂ ಎದ್ದಿತು. ಗುರುಗುಟ್ಟುವುದು ನಿಂತು, ಬಾಲಗಳು ಬಿಗಿಯಾಗಿ, ಕಣ್ಣುಗಳೆಲ್ಲ ನನ್ನ ಕೈಯ ಮೇಲೆಯೇ ಇದ್ದವು. ಗೆಜ್ಜೆ ಎಂದರೆ ಕೆಲಸ. ನಾನು ಓಡಿದೆ. ಅವೂ ನನ್ನ ಜತೆ ಓಡಿದವು, ಕುಂಟುವವು ಕುಂಟುತ್ತಲೇ ಬಂದವು.

ಬೆಂಕಿ ಗದ್ದೆಯ ಅರ್ಧಕ್ಕೆ ಬಂದಿದೆ. ಹೊಗೆಯಲ್ಲಿ ಕೊಂಬೆ ಬಡಿಯುವವರ ಬೆನ್ನುಗಳಷ್ಟೇ ಕಾಣುತ್ತವೆ. ಚಿಕ್ಕಬಸಮ್ಮ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡು, ಬಿದ್ದ ಕಬ್ಬಿನ ಮುಂದೆ ನಿಂತು ಎರಡೂ ಕೈಯಲ್ಲಿ ಅಲ್ಲಾಡಿಸುತ್ತಾರೆ. ಕರೆಯುವುದಿಲ್ಲ, ಹೆಸರು ಹಿಡಿದು ಕೂಗುವುದಿಲ್ಲ. ಬರೀ ಗೆಜ್ಜೆ ಸದ್ದು. ನನ್ನ ಸುತ್ತ ಎಂಟು ನಾಯಿಗಳು ಉಸಿರು ಬಿಗಿಹಿಡಿದು ನಿಂತಿವೆ, ನಾನೂ ಹಾಗೆಯೇ ನಿಂತಿದ್ದೇನೆ.

ಗರಿ ಅಲ್ಲಾಡುತ್ತದೆ. ಒಂದು ಕೆಂಪು ಮೂತಿ ಹೊರಗೆ ಬರುತ್ತದೆ, ಆಮೇಲೆ ಹೆಗಲು, ಆಮೇಲೆ ಬೆನ್ನ ಮೇಲಿನ ಹೊಲಿಗೆಯ ಗುರುತು. ಹೊಟ್ಟೆ ಜೋತುಬಿದ್ದಿದೆ, ಮೊಲೆಗಳು ಒದ್ದೆಯಾಗಿವೆ, ಹಿಂಗಾಲು ನಡುಗುತ್ತಿದೆ. ಕೆಂಚಿ ನೇರವಾಗಿ ಚಿಕ್ಕಬಸಮ್ಮನ ಮುಂದೆ ಬಂದು, ಪಟ್ಟಿ ಕಟ್ಟಿಸಿಕೊಳ್ಳಲು ಕತ್ತು ಬಗ್ಗಿಸಿ ನಿಲ್ಲುತ್ತಾಳೆ.

ಚಿಕ್ಕಬಸಮ್ಮ ಕಟ್ಟುವುದಿಲ್ಲ. ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳು ಬಂದ ಸಂದಿಯೊಳಕ್ಕೆ ಬಿದ್ದ ಕಬ್ಬಿನ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತಾರೆ. ಪಾದಗಳಷ್ಟೇ ಹೊರಗೆ ಉಳಿದು, ಆಮೇಲೆ ಅವೂ ಕಾಣುವುದಿಲ್ಲ. ಹೊಗೆ ನಮ್ಮನ್ನು ಮುಟ್ಟಿದೆ. ನಾನು ಏನೆಂದು ಕೂಗಿದೆನೋ ನನಗೆ ನೆನಪಿಲ್ಲ. ಅವರು ಹಿಂದಕ್ಕೆ ಸರಿದು ಬಂದಾಗ ಮುಖ, ತೋಳು ಎಲ್ಲ ಗರಿ ಗೀರಿ ರಕ್ತವಾಗಿತ್ತು. ಮಡಿಲಲ್ಲಿ ಕಣ್ಣು ಬಿಡದ ಐದು ಮರಿಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಬೆಂಕಿಯನ್ನು ಬಡಿದು ಬಡಿದು ಆ ಪಟ್ಟೆಗೆ ಬರದ ಹಾಗೆ ನಿಲ್ಲಿಸಿದ ಮೇಲೆ ನಿಂಗರಾಜು ಬಂದು ನೋಡಿ, ಮಸಿಯಾದ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತ. “ಕೇಳ್ದೆ ಕಣಕ್ಕಾ, ಕಿವಿಗೊಟ್ಟು ಕೇಳ್ದೆ” ಎನ್ನುತ್ತಲೇ ಇದ್ದ. ಅವನನ್ನು ಯಾರೂ ಬೈಯಲಿಲ್ಲ. ಅವನು ಕೇಳಿದ್ದು ಸುಳ್ಳೇನೂ ಅಲ್ಲವಲ್ಲ.

ಮಧ್ಯಾಹ್ನ. ಕೊಟ್ಟಿಗೆಯ ಮೂಲೆಯ ಹುಲ್ಲಿನ ಹಾಸಿಗೆಯಲ್ಲಿ ಕೆಂಚಿ ಮಲಗಿದ್ದಾಳೆ, ಮರಿಗಳು ಮೊಲೆ ಕಚ್ಚಿವೆ. ಚಿಕ್ಕಬಸಮ್ಮ ಮುಖದ ಗೀರುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಎಂಟು ಗೆಜ್ಜೆಪಟ್ಟಿಗಳನ್ನು ಹುಣಸೆನೀರಿನಲ್ಲಿ ತಿಕ್ಕುತ್ತಿದ್ದಾರೆ. ಪುಟ್ಟಬಸವಯ್ಯನವರು ಒಂದು ತಂಬಿಗೆ ಹಾಲು ಹಿಡಿದು ಬರುತ್ತಾರೆ. ಯಾರೂ ಕರೆದಿಲ್ಲ, ತಾವೇ ಬಂದಿದ್ದಾರೆ. ಕೆಂಚಿಯನ್ನು ತುಂಬ ಹೊತ್ತು ನೋಡುತ್ತಾರೆ.

“ಚೆನ್ನಾಗಿ ನೋಡ್ಕೋ ಚಿಕ್ಕಬಸಮ್ಮ. ಮುಂದಿನ ಸುಗ್ಗಿಗೆ ಅವಳಿಲ್ದೆ ಆಗಾಕಿಲ್ಲ ನಮ್ಗೆ.”

“ಕೆಂಚಿ ಬರಾಕಿಲ್ಲ ಯಜಮಾನ್ರೇ.”

ಪುಟ್ಟಬಸವಯ್ಯನವರು ಅವರನ್ನೇ ನೋಡುತ್ತಾರೆ. ಚಿಕ್ಕಬಸಮ್ಮ ತಮಗೆ ಇಲ್ಲ ಎಂದದ್ದು ಇದೇ ಮೊದಲಿರಬೇಕು. ತಂಬಿಗೆಯನ್ನು ಜಗಲಿಯ ಮೇಲಿಟ್ಟು ಹೋಗುತ್ತಾರೆ. ಮಿಕ್ಕ ನಾಯಿಗಳು ಕೆಂಚಿಯಿಲ್ಲದೆ ಗದ್ದೆಗಿಳಿಯುತ್ತವೋ ಇಲ್ಲವೋ, ಇಳಿಯದಿದ್ದರೆ ಮನೆಗಿಷ್ಟು ಎಂದು ಬರುವ ರಾಗಿ ಬರುತ್ತದೋ ಇಲ್ಲವೋ, ನನಗೇ ಚಿಂತೆ ಹತ್ತುತ್ತದೆ. ಅದನ್ನು ಕೇಳಿದರೆ ಚಿಕ್ಕಬಸಮ್ಮ ಕೈ ಕೊಡವುತ್ತಾರೆ.

ಒಂಬತ್ತನೆಯ ಪಟ್ಟಿ ಅವರ ಸೊಂಟದಲ್ಲೇ ಇದೆ. ಅದನ್ನು ತೊಳೆಯುವುದಿಲ್ಲ. ಒಂದೊಂದು ಗೆಜ್ಜೆಯ ಬಾಯಿಗೂ ಹತ್ತಿ ತುರುಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಒಳಮನೆಯ ರಾಗಿಯ ಗುಡಾಣದೊಳಗೆ ಆಳಕ್ಕೆ ಇಳಿಸಿ ಬರುತ್ತಾರೆ. ನಾನು ಹೊರಡುವ ಹೊತ್ತು. ನನಗೆ ತಿಳಿಯದೆಯೇ ನನ್ನ ಕಾಲು ನೆಲದ ಮೇಲಿದೆ, ಕರಿ ನಾಯಿ ಅದರ ಪಕ್ಕದಲ್ಲೇ ಮಲಗಿದೆ. ಇಂಥ ಲೇಖನಗಳ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ನಿಮಗೆ ಏನು ಆಸೆ ಇದೆ, ಚಿಕ್ಕಬಸಮ್ಮ?

ಅವರು ಕೆಂಚಿಯತ್ತ ನೋಡುತ್ತಾರೆ. ದನಿ ತಗ್ಗಿಸುತ್ತಾರೆ.

“ಆ ಸದ್ದು ಇನ್ನೊಂದ್ಸಲ ಅವಳ ಕಿವಿಗೆ ಬೀಳ್ದಿದ್ರೆ ಸಾಕು ಸಾ. ಬಿದ್ರೆ, ಮಕ್ಕಳ್ನ ಬುಟ್ಟು ಬಂದ್ಬುಡ್ತಾಳೆ.”